ಸ್ಟೀರಿಂಗ್ ತಿರುಗಿಸಿದಾಗ ‘ಟಕ್ ಟಕ್’: ಶಬ್ದ ಎಲ್ಲಿಂದ ಬರುತ್ತದೆ, ಯಾವಾಗ ಹೆದರಬೇಕು?

“ಸ್ಟೀರಿಂಗಿನಲ್ಲಿ ಎಂತದೋ ಟಕ್ ಟಕ್ ಅಂತ ಬರ್ತದೆ ಅಣ್ಣ.” ಶಂಕರಪುರದ ಕಡೆ ಕಾರನ್ನು ಗ್ಯಾರೇಜಿಗೆ ಒಯ್ದವರು ಶುರು ಮಾಡುವುದು ಬಹುಮಟ್ಟಿಗೆ ಹೀಗೆ. ಸಿಗುವ ಉತ್ತರಗಳೂ ಬಹುಮಟ್ಟಿಗೆ ಮೂರೇ: “ಆಕ್ಸಲ್ ಹೋಗಿದೆ”, “ಒಮ್ಮೆ ಗ್ರೀಸ್ ಹೊಡೆಸಿ”, “ಹಳೇ ಗಾಡಿ ಅಲ್ವಾ, ಅದು ಇರ್ತದೆ ಬಿಡಿ”. ಮೂರೂ ಒಂದೊಂದು ಸಂದರ್ಭದಲ್ಲಿ ಸರಿಯಾಗಬಹುದು. ಆದರೆ ಪರೀಕ್ಷೆ ಮಾಡದೆ ಹೇಳಿದರೆ ಮೊದಲನೆಯದರಿಂದ ಸಾವಿರಾರು ರೂಪಾಯಿ ಹೋಗುತ್ತದೆ, ಎರಡನೆಯದರಿಂದ ಹೊತ್ತು ಹೋಗುತ್ತದೆ, ಮೂರನೆಯದರಿಂದ ಕೆಲವೊಮ್ಮೆ ಪ್ರಾಣಕ್ಕೇ ಅಪಾಯ.

ಸ್ಟೀರಿಂಗಿನ ಟಕ್ ಶಬ್ದ ಒಂದೇ ಕಾಯಿಲೆಯಲ್ಲ, ಏಳೆಂಟು ಕಾಯಿಲೆಗಳ ಒಂದೇ ಲಕ್ಷಣ. ಜ್ವರ ಇದ್ದ ಹಾಗೆ. ಟೈರಿಗೆ ಸಿಕ್ಕಿಕೊಂಡ ಒಂದು ಕಲ್ಲಿನಿಂದ ಹಿಡಿದು, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ತೆರೆದುಕೊಳ್ಳದಂತೆ ಮಾಡುವ ತುಂಡಾದ ಕೇಬಲ್‌ವರೆಗೆ ಕಾರಣ ಏನೂ ಇರಬಹುದು. ಅದನ್ನು ಬೇರ್ಪಡಿಸಿ ನೋಡುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ.

ಕಿವಿ ಏಕೆ ಮೋಸ ಹೋಗುತ್ತದೆ?

ಶಬ್ದ ಸ್ಟೀರಿಂಗಿನಿಂದ ಬಂದಂತೆ ಕೇಳಿದರೆ ತೊಂದರೆಯೂ ಅಲ್ಲೇ ಇದೆ ಎಂಬುದು ಮೊದಲ ತಪ್ಪು ತಿಳಿವಳಿಕೆ. ನಿಮ್ಮ ಕೈಯಲ್ಲಿರುವ ಚಕ್ರದಿಂದ ಒಂದು ಉಕ್ಕಿನ ದಂಡ ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯುತ್ತದೆ. ಅಲ್ಲಿಂದ ಕೀಲುಗಳಿರುವ ಇನ್ನೊಂದು ಸಣ್ಣ ದಂಡ ಎಂಜಿನ್ ಹಿಂದಿನ ತಗಡಿನ ಗೋಡೆಯನ್ನು ದಾಟಿ ಸ್ಟೀರಿಂಗ್ ಬಾಕ್ಸನ್ನು ಸೇರುತ್ತದೆ. ಬಾಕ್ಸಿನ ಒಳಗೆ ಹಲ್ಲುಗಳ ಪಟ್ಟಿಯೊಂದು ಎಡಕ್ಕೂ ಬಲಕ್ಕೂ ಸರಿಯುತ್ತದೆ. ಅದರ ಎರಡು ತುದಿಗಳಲ್ಲಿರುವ ಟೈ ರಾಡ್‌ಗಳು ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ಅಂದರೆ ಮುಂದಿನ ಟೈರಿನಿಂದ ನಿಮ್ಮ ಅಂಗೈಯವರೆಗೆ ಹೆಚ್ಚುಕಡಿಮೆ ಕಡಿಯದ ಲೋಹದ ದಾರಿಯೇ ಇದೆ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ದಾರಿಯಲ್ಲಿ ಸವೆಯುವುದೂ ಕಡಿಮೆ. ಹಳಿಗೆ ಕಿವಿಯಿಟ್ಟರೆ ದೂರದ ರೈಲು ಕೇಳುವುದು ಇದೇ ಕಾರಣಕ್ಕೆ. ಚಕ್ರದ ಬಳಿ ಹುಟ್ಟಿದ ‘ಟಕ್’ ದಂಡದ ಮೂಲಕ ಬಂದು ನಿಮ್ಮ ಎದುರಿಗೇ ಹೊರಬೀಳುತ್ತದೆ. ಹಾಗಾಗಿ “ಎಲ್ಲಿಂದ ಬರುತ್ತಿದೆ” ಎಂದು ಕೇಳಿಕೊಳ್ಳುವುದಕ್ಕಿಂತ “ಯಾವುದರ ತಾಳಕ್ಕೆ ಬರುತ್ತಿದೆ” ಎಂದು ಕೇಳಿಕೊಳ್ಳುವುದು ಒಳ್ಳೆಯದು. ಚಕ್ರ ಉರುಳುವ ತಾಳವೇ? ಸ್ಟೀರಿಂಗ್ ತಿರುಗುವ ತಾಳವೇ? ರಸ್ತೆಯ ಹೊಂಡದ ತಾಳವೇ? ಅರ್ಧ ರೋಗನಿರ್ಣಯ ಇಲ್ಲಿಗೇ ಮುಗಿಯುತ್ತದೆ.

ಸಣ್ಣ ಲೆಕ್ಕವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅದು ಎರಡು ಸೆಕೆಂಡಿಗೆ ಮೂರು ಸುತ್ತು ಹಾಕುತ್ತದೆ, 20ರಲ್ಲಿ ಅದರ ಎರಡರಷ್ಟು. ವೇಗ ಹೆಚ್ಚಿದಂತೆ ಟಕ್ ಟಕ್ ಕೂಡ ಅದೇ ಲೆಕ್ಕದಲ್ಲಿ ಚುರುಕಾದರೆ ಶಬ್ದ ಹುಟ್ಟುತ್ತಿರುವುದು ಚಕ್ರದ ಜೊತೆ ಸುತ್ತುವ ಭಾಗದಲ್ಲಿ. ಕಾರು ನಿಂತಿದ್ದಾಗಲೂ ಬಂದರೆ ಸುತ್ತುವ ಭಾಗವನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ಮೊದಲು ಟೈರ್ ನೋಡಿ

ನೇರ ರಸ್ತೆಯಲ್ಲೂ ಚಕ್ರದ ತಾಳಕ್ಕೆ ‘ಟಿಕ್ ಟಿಕ್’ ಬರುತ್ತಿದ್ದರೆ ಗ್ಯಾರೇಜಿಗೆ ಹೋಗುವ ಮೊದಲು ಟೈರಿನ ಗೀರುಗಳನ್ನು ನೋಡಿ. ನಮ್ಮ ಮುರಕಲ್ಲಿನ ಜಲ್ಲಿಯ ದಾರಿಗಳಲ್ಲಿ ಓಡುವ ಕಾರಿನ ಟೈರಿನಲ್ಲಿ ಒಂದೆರಡು ಕಲ್ಲು ಸಿಕ್ಕಿಕೊಂಡಿರದಿದ್ದರೇ ಆಶ್ಚರ್ಯ. ಸ್ಕ್ರೂ ಡ್ರೈವರಿನಲ್ಲಿ ಕೀಳಿದರೆ ಮುಗಿಯಿತು. ಮೊಳೆ ಕಂಡರೆ ಮಾತ್ರ ಅಲ್ಲೇ ಕೀಳಬೇಡಿ, ಪಂಕ್ಚರ್ ಅಂಗಡಿಯವರೆಗೆ ಹಾಗೇ ಇರಲಿ. ಸಡಿಲಗೊಂಡ ಪ್ಲಾಸ್ಟಿಕ್ ವೀಲ್ ಕ್ಯಾಪ್ ಕೂಡ ಇದೇ ಶಬ್ದ ಮಾಡುತ್ತದೆ. ಅದನ್ನು ತೆಗೆದಿಟ್ಟು ಒಂದು ಸುತ್ತು ಹೋಗಿ ಬಂದರೆ ಗೊತ್ತಾಗುತ್ತದೆ.

ಸಹಜವಾದ ಟಕ್‌ಗಳೂ ಇವೆ. ಇಂಡಿಕೇಟರ್ ಹಾಕಿ ತಿರುಗಿದ ಮೇಲೆ ಸ್ಟೀರಿಂಗ್ ನೇರವಾಗುವಾಗ ಬರುವ ಒಂದು ‘ಟಕ್’, ಇಂಡಿಕೇಟರ್ ಕಡ್ಡಿಯನ್ನು ಹಿಂದಕ್ಕೆ ತಳ್ಳುವ ಪ್ಲಾಸ್ಟಿಕ್ ಹಲ್ಲಿನದು. ಕೀ ತೆಗೆದ ಮೇಲೆ ಸ್ಟೀರಿಂಗ್ ಅಲುಗಿಸಿದಾಗ ಬರುವ ಗಟ್ಟಿ ‘ಟಕ್’ ಕಳ್ಳತನ ತಡೆಯುವ ಬೀಗದ್ದು. ರಿವರ್ಸ್ ಬಂದು ಮುಂದಕ್ಕೆ ಹೊರಟು ಮೊದಲ ಸಲ ಬ್ರೇಕ್ ಒತ್ತಿದಾಗ ಒಂದೇ ಒಂದು ‘ಟಿಕ್’ ಬಂದರೆ ಸಾಮಾನ್ಯವಾಗಿ ಅದು ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಕೂದಲೆಳೆಯಷ್ಟು ಸರಿದದ್ದು. ಇವಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ.

ತಿರುವಿನಲ್ಲಿ ಮಾತ್ರ ಕಟಕಟ: ಇದೇ ‘ಆಕ್ಸಲ್’

ನೇರ ಹೋಗುವಾಗ ಸದ್ದಿಲ್ಲ, ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ‘ಕಟಕಟಕಟ’, ಕಾಲು ತೆಗೆದರೆ ತಗ್ಗುತ್ತದೆ: ಹೀಗಿದ್ದರೆ ಅನುಮಾನ ಬಹುಮಟ್ಟಿಗೆ ಸಿವಿ ಜಾಯಿಂಟಿನ ಮೇಲೆ. ಗ್ಯಾರೇಜಿನ ಮಾತಿನಲ್ಲಿ ಆಕ್ಸಲ್.

ಇದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ತಲೆಮಾರಿನವರಿಗೆ ಗೊತ್ತಿಲ್ಲದ ಶಬ್ದ. ಆ ಕಾರುಗಳಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಚಕ್ರಗಳಿಗೆ. ಮುಂದಿನವು ಬರೀ ದಿಕ್ಕು ತಿರುಗಿಸುತ್ತಿದ್ದವು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಮುಂದಿನ ಚಕ್ರಗಳಿಗೇ ಬಲ ಕೊಡುವ ವಿನ್ಯಾಸವನ್ನು ನಮ್ಮಲ್ಲಿ ಮನೆಮಾತಾಗಿಸಿತು. ಆಲ್ಟೊ, ಸ್ವಿಫ್ಟ್, ಐ10, ಟಿಯಾಗೊ ಎಲ್ಲವೂ ಇದೇ ದಾರಿ. ಇಲ್ಲಿ ಒಂದೇ ಚಕ್ರ ಎರಡು ಕೆಲಸ ಮಾಡಬೇಕು: ಎಡಬಲಕ್ಕೆ ತಿರುಗಬೇಕು, ತಿರುಗಿದ ಸ್ಥಿತಿಯಲ್ಲೇ ಎಂಜಿನ್ನಿನಿಂದ ಬಲ ಪಡೆದು ಸುತ್ತಬೇಕು.

ಲಾರಿಯ ಅಡಿಯಲ್ಲಿ ಉದ್ದದ ದಂಡದ ತುದಿಗೆ ಕಾಣುವ ಶಿಲುಬೆಯಾಕಾರದ ಕೀಲು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದು 40 ಡಿಗ್ರಿ ಬಾಗಿದಾಗ, ಈಚೆಯ ದಂಡ ಒಂದೇ ವೇಗದಲ್ಲಿ ಸುತ್ತಿದರೂ ಆಚೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ಶೇಕಡಾ 30ರಷ್ಟು ಓಡುತ್ತದೆ, ಎರಡು ಸಲ ಶೇಕಡಾ 23ರಷ್ಟು ಹಿಂದೆ ಬೀಳುತ್ತದೆ. ಪ್ರತಿ ತಿರುವಿನಲ್ಲೂ ಕಾರು ಎಳೆದೆಳೆದು ಹೋಗುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ ಕೀಲು ಇದಕ್ಕೆ ಪರಿಹಾರ ಕೊಟ್ಟಿತು. ಬಟ್ಟಲಿನಂಥ ಹೊರಭಾಗ, ಅದರೊಳಗೆ ನಕ್ಷತ್ರದಂಥ ಒಳಭಾಗ, ನಡುವೆ ಬಾಗಿದ ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡುಗಳು. ಕೀಲು ಎಷ್ಟೇ ಬಾಗಿದರೂ ಗುಂಡುಗಳು ಕೋನವನ್ನು ಸರಿಯಾಗಿ ಅರ್ಧ ಮಾಡುವ ಜಾಗದಲ್ಲಿ ನಿಲ್ಲುತ್ತವೆ, ಹಾಗಾಗಿ ಎರಡೂ ಕಡೆ ವೇಗ ಸಮ.

ಈ ಜಾಣ ಯಂತ್ರವನ್ನು ಕಾಪಾಡುವುದು ಒಂದು ರಬ್ಬರ್ ಚೀಲ. ಅಕಾರ್ಡಿಯನ್‌ನಂತೆ ಮಡಿಕೆ ಮಡಿಕೆಯಾಗಿರುತ್ತದೆ, ‘ಬೂಟ್’ ಎನ್ನುತ್ತಾರೆ. ಒಳಗೆ ಕಪ್ಪು ಗ್ರೀಸ್. ವರ್ಷಗಟ್ಟಲೆ ಮಡಚಿ ಬಿಡಿಸಿ ಆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಸುತ್ತುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ. ಅದೇ ಬಿರುಕಿನಿಂದ ನೀರು, ಕೆಸರು ಒಳಗೆ ಹೋಗುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ಮಲ್ಲಿಗೆ ತೋಟದ ನಡುವಿನ ಮಣ್ಣಿನ ದಾರಿಯಲ್ಲಿ ಮನೆಗೆ ಹೋಗುವ ಕಾರಿನಲ್ಲಿ ಒಂದು ಮಳೆಗಾಲ ಬೂಟ್ ಹರಿದೇ ಇದ್ದರೆ ಏನಾಗಬಹುದು ಯೋಚಿಸಿ. ಗ್ರೀಸಿಗೆ ಸಣ್ಣ ಮರಳು ಬೆರೆತರೆ ಅದು ಉಕ್ಕನ್ನು ಉಜ್ಜುವ ಮುಲಾಮಾಗುತ್ತದೆ. ಗುಂಡುಗಳು ಕಾಲುವೆಯಲ್ಲಿ ಗುಳಿ ತೋಡುತ್ತವೆ. ಗುಂಡು ಆ ಗುಳಿ ದಾಟುವಾಗ ಬರುವುದೇ ‘ಕಟ್’.

ಪರೀಕ್ಷೆ ಸುಲಭ. ಖಾಲಿ ಮೈದಾನದಲ್ಲಿ ಕಿಟಕಿ ಇಳಿಸಿ, ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಒಂದನೇ ಗೇರಿನಲ್ಲಿ ನಿಧಾನವಾಗಿ ವೃತ್ತ ಹಾಕಿ. ಮತ್ತೆ ಇನ್ನೊಂದು ಕಡೆ. ಸಾಮಾನ್ಯವಾಗಿ ತಿರುವಿನ ಹೊರಬದಿಯ ಜಾಯಿಂಟ್ ಹೆಚ್ಚು ಗಲಾಟೆ ಮಾಡುತ್ತದೆ: ಎಡಕ್ಕೆ ತಿರುಗಿದಾಗ ಬಂದರೆ ಬಲಗಡೆಯದು, ಬಲಕ್ಕೆ ತಿರುಗಿದಾಗ ಬಂದರೆ ಎಡಗಡೆಯದು. ಇದು ಅಂದಾಜು ಅಷ್ಟೇ, ಖಾತ್ರಿ ಬೇಕಿದ್ದರೆ ಚಕ್ರದ ಹಿಂದೆ ಬಗ್ಗಿ ನೋಡಬೇಕು. ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ.

ದುಡ್ಡಿನ ಮಾತು ಇಲ್ಲೇ ಬರುತ್ತದೆ. ಬೂಟ್ ಹರಿದದ್ದು ಶಬ್ದ ಶುರುವಾಗುವ ಮೊದಲೇ ಕಣ್ಣಿಗೆ ಬಿದ್ದರೆ, ಹೊಸ ಬೂಟ್ ಮತ್ತು ಗ್ರೀಸ್ ಸಾಕು, ಖರ್ಚು ನೂರುಗಳ ಲೆಕ್ಕದಲ್ಲಿ. ಶಬ್ದ ಬಂದ ಮೇಲೆ ಹೊಸ ಗ್ರೀಸ್ ತುಂಬಿದರೆ ಗುಳಿ ಮುಚ್ಚಿಕೊಳ್ಳುವುದಿಲ್ಲ. ಆಗ ಜಾಯಿಂಟ್ ಅಥವಾ ಇಡೀ ಆಕ್ಸಲ್ ಬದಲಿಸಬೇಕು, ಖರ್ಚು ಸಾವಿರಗಳಿಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬೂಟ್ ನೋಡಿಸುವುದು ಎಷ್ಟೋ ಜನ ಮಾಡಿಸುವ ಪಾಲಿಶ್‌ಗಿಂತ ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಶಬ್ದ ಮಾಡುವ ಜಾಯಿಂಟ್ ವಾರಗಟ್ಟಲೆ, ತಿಂಗಳುಗಟ್ಟಲೆ ಓಡುವುದೂ ಉಂಟು. “ಇರ್ತದೆ ಬಿಡಿ” ಎನ್ನುವವರ ಧೈರ್ಯ ಇದೇ. ಆದರೆ ಅದು ಪೂರ್ತಿ ಮುರಿದರೆ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಇನ್ನೊಂದು ಅಪಾಯ ಅಷ್ಟಾಗಿ ಯಾರೂ ಹೇಳುವುದಿಲ್ಲ: ಒಂದು ಬದಿಯ ಆಕ್ಸಲ್ ಮುರಿದರೆ ಎಂಜಿನ್ನಿನ ಹಿಡಿತ ಎರಡೂ ಚಕ್ರಗಳಿಗೆ ತಪ್ಪುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯುತ್ತಿದ್ದರೆ ಆ ಗೇರಿನ ತಡೆ ಒಮ್ಮೆಲೇ ಇಲ್ಲವಾಗುತ್ತದೆ, ಬ್ರೇಕ್ ಒಂದೇ ಗತಿ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿದರೂ ಕಾರು ನಿಲ್ಲದು, ಹ್ಯಾಂಡ್ ಬ್ರೇಕ್ ಬೇಕೇ ಬೇಕು. ಹಾಗಾಗಿ ಕಟಕಟ ಎನ್ನುವ ಕಾರಿನಲ್ಲಿ ಕಟಪಾಡಿಗೆ ಹೋಗಿ ಬನ್ನಿ, ಘಾಟಿ ಹತ್ತಬೇಡಿ.

ಇನ್ನೊಂದು ವಿಷಯ. ನಿಮ್ಮದು ಓಮ್ನಿ, ಈಕೋ, ಬೊಲೆರೊ ಅಥವಾ ಹಳೆಯ ಇನ್ನೋವಾ ಆಗಿದ್ದರೆ ಅದರಲ್ಲಿ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಮುಂದೆ ಸಿವಿ ಜಾಯಿಂಟ್ ಇರುವುದೇ ಇಲ್ಲ. ಅಂಥ ಗಾಡಿಗೆ “ಮುಂದಿನ ಆಕ್ಸಲ್ ಹೋಗಿದೆ” ಎಂದು ಯಾರಾದರೂ ಹೇಳಿದರೆ ಗ್ಯಾರೇಜ್ ಬದಲಿಸುವುದು ಒಳ್ಳೆಯದು. (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಥಾರ್, ಜಿಮ್ನಿಯಂಥವುಗಳಲ್ಲಿ ಮುಂದೆಯೂ ಆಕ್ಸಲ್ ಇದೆ.)

ನಿಂತಲ್ಲೇ ತಿರುಗಿಸಿದರೂ ಬರುತ್ತದೆಯೇ?

ಕಾರು ನಿಂತಿದೆ, ಎಂಜಿನ್ ಓಡುತ್ತಿದೆ, ಸ್ಟೀರಿಂಗ್ ತಿರುಗಿಸಿದರೆ ಶಬ್ದ. ಆಗ ಸಿವಿ ಜಾಯಿಂಟನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು.

ಸ್ಪ್ರಿಂಗ್ ಬಿಗಿದು ಬಿಟ್ಟ ಹಾಗೆ ‘ಟಣ್’ ಎಂದು, ಚಕ್ರದ ಮೇಲ್ಭಾಗದಿಂದ ಬಂದರೆ ಅದು ಸ್ಟ್ರಟ್ ಬೇರಿಂಗ್. ಮುಂದಿನ ಶಾಕ್ ಅಬ್ಸಾರ್ಬರಿನ ನೆತ್ತಿಯಲ್ಲಿರುವ ಈ ಬೇರಿಂಗ್ ಮೇಲೆ ಇಡೀ ಸ್ಪ್ರಿಂಗ್ ನುಣ್ಣಗೆ ತಿರುಗಬೇಕು. ಕೆಸರು, ಕಡಲಗಾಳಿಯ ಉಪ್ಪು, ತುಕ್ಕು ಸೇರಿ ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಂಡು ಕೊನೆಗೆ ಒಮ್ಮೆಲೇ ಜಿಗಿಯುತ್ತದೆ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಬಾನೆಟ್ ಎತ್ತಿ ಸ್ಟ್ರಟ್ಟಿನ ನೆತ್ತಿಯ ಮೇಲೆ ಅಂಗೈ ಇಟ್ಟರೆ ಆ ಜಿಗಿತ ಕೈಗೆ ತಾಗುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳಿಡಬೇಡಿ.

ಸ್ಟೀರಿಂಗನ್ನು ಎಡಬಲಕ್ಕೆ ಎರಡೆರಡು ಇಂಚು ಬೇಗ ಬೇಗ ಅಲ್ಲಾಡಿಸಿದಾಗ ‘ಟಿಕ್ ಟಿಕ್’ ಎಂದು ಅಂಗೈಗೇ ತಾಗಿದರೆ ಕಾರಣ ಪೆಡಲುಗಳ ಬಳಿಯ ಸಣ್ಣ ದಂಡದ ಕೀಲು ಇರಬಹುದು. ಈಗಿನ ಸಣ್ಣ ಕಾರುಗಳ ಸ್ಟೀರಿಂಗಿಗೆ ಎಣ್ಣೆಯಿಲ್ಲ, ವಿದ್ಯುತ್ ಮೋಟಾರಿನ ಸಹಾಯವಿದೆ. ಕೆಲವು ಕಾರುಗಳಲ್ಲಿ ಮೋಟಾರಿಗೂ ಹಲ್ಲುಚಕ್ರಕ್ಕೂ ನಡುವೆ ಒಂದು ಪುಟ್ಟ ರಬ್ಬರ್ ಕೊಂಡಿ ಇರುತ್ತದೆ. ಅದು ಪುಡಿಯಾದಾಗಲೂ ಇದೇ ಅನುಭವ. ಕೊಂಡಿ ಬದಲಿಸಿದರೆ ಸಾಕಾಗುವ ಕಡೆ “ಇಡೀ ಸ್ಟೀರಿಂಗ್ ಬಾಕ್ಸ್ ಹಾಕಬೇಕು” ಎಂಬ ಅಂದಾಜು ಪಟ್ಟಿ ಬಂದರೆ ಇನ್ನೊಂದು ಕಡೆ ತೋರಿಸಿ. ಹಾಗೆಯೇ ವಿದ್ಯುತ್ ಸ್ಟೀರಿಂಗಿನ ಕಾರಿಗೆ “ಪವರ್ ಸ್ಟೀರಿಂಗ್ ಎಣ್ಣೆ ಕಡಿಮೆಯಾಗಿದೆ” ಎನ್ನುವುದಕ್ಕೆ ಅರ್ಥವೇ ಇಲ್ಲ. ಎಣ್ಣೆ ಇರುವ ಹಳೆಯ ಮಾದರಿಗಳಲ್ಲಿ ಎಣ್ಣೆ ಕಡಿಮೆಯಾದರೆ ಬರುವುದು ‘ಊಂ’ ಎಂಬ ನರಳಾಟ, ಟಕ್ ಅಲ್ಲ.

ಹಾರ್ನ್ ಹೋಗಿದೆಯೇ? ಏರ್‌ಬ್ಯಾಗ್ ದೀಪ ಉರಿಯುತ್ತಿದೆಯೇ?

ಇಷ್ಟರವರೆಗೆ ಹೇಳಿದ್ದೆಲ್ಲ ಸ್ಟೀರಿಂಗ್ ಚಕ್ರದ ಹೊರಗಿನದು. ಶಬ್ದ ನಿಜವಾಗಿಯೂ ಚಕ್ರದ ಒಳಗಿನದೇ ಆದರೆ, ಮೆಲ್ಲನೆ ‘ಸರ್ ಸರ್, ಟಿಕ್’ ಎಂದು ಕೇಳಿದರೆ, ಅದು ಕ್ಲಾಕ್ ಸ್ಪ್ರಿಂಗ್ ಇರಬಹುದು. ಸುತ್ತುವ ಚಕ್ರಕ್ಕೆ ಸುತ್ತದ ಕಾರಿನಿಂದ ವಿದ್ಯುತ್ ಹೋಗಬೇಕಲ್ಲ? ಅದಕ್ಕೆ ಚಪ್ಪಟೆ ಪಟ್ಟಿಯಂಥ ಕೇಬಲನ್ನು ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಚಕ್ರ ತಿರುಗಿದಂತೆ ಸುರುಳಿ ಬಿಗಿಯುತ್ತದೆ, ಸಡಿಲುತ್ತದೆ. ಹಾರ್ನ್, ಆಡಿಯೋ ಗುಂಡಿಗಳು, ಮುಖ್ಯವಾಗಿ ಚಾಲಕನ ಏರ್‌ಬ್ಯಾಗ್, ಇವಕ್ಕೆಲ್ಲ ಸಂಪರ್ಕ ಇದೊಂದರಿಂದಲೇ.

ಇದು ಹರಿದರೆ ಕಾರು ಎಂದಿನಂತೆಯೇ ಓಡುತ್ತದೆ. ಡಿಕ್ಕಿಯಾದಾಗ ಏರ್‌ಬ್ಯಾಗ್ ಮಾತ್ರ ತೆರೆಯುವುದಿಲ್ಲ. 2014ರ ಏಪ್ರಿಲಿನಲ್ಲಿ ಟೊಯೊಟಾ ಬೇರೆ ಬೇರೆ ದೋಷಗಳಿಗಾಗಿ ಜಗತ್ತಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸ್ ಕರೆದಾಗ ಅದರಲ್ಲಿ ಒಂದು ದೋಷ ಇದೇ ಸುರುಳಿ ಕೇಬಲಿನದು. ಬಿಡದಿಯ ಕಾರ್ಖಾನೆಯ ಕಾರುಗಳೂ ಅದರಲ್ಲಿದ್ದವು: ಭಾರತದಲ್ಲಿ ಸುಮಾರು 45 ಸಾವಿರ, ಮುಖ್ಯವಾಗಿ ಹಳೆಯ ಇನ್ನೋವಾ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅಂದರೆ ಈಗ ಊರಿನ ಸಣ್ಣ ಕಾರುಗಳಲ್ಲೂ ಈ ಕೇಬಲ್ ಇದೆ, ಅವಕ್ಕೂ ವಯಸ್ಸಾಗುತ್ತಿದೆ.

ಲಕ್ಷಣ ಸ್ಪಷ್ಟ: ಹಾರ್ನ್ ಒಮ್ಮೆ ಬಂದು ಒಮ್ಮೆ ಬಾರದಿರುವುದು, ಗುಂಡಿಗಳು ಕೈಕೊಡುವುದು, ಏರ್‌ಬ್ಯಾಗ್ ದೀಪ ಆರದೆ ಉಳಿಯುವುದು. ಸ್ಟೀರಿಂಗ್ ಕೆಲಸ ಮಾಡಿಸಿದ ಮರುದಿನವೇ ಇದು ಶುರುವಾದರೆ, ಬಿಚ್ಚುವಾಗ ಚಕ್ರವನ್ನು ನೇರಕ್ಕೆ ಕಟ್ಟಿಡದೆ ಸುರುಳಿಯನ್ನು ಅತಿಯಾಗಿ ತಿರುಗಿಸಿರುವ ಸಾಧ್ಯತೆ ಹೆಚ್ಚು. ಸ್ಟೀರಿಂಗ್ ಚಕ್ರವನ್ನು ಮನೆಯಲ್ಲಿ ಬಿಚ್ಚುವ ಸಾಹಸ ಮಾತ್ರ ಬೇಡ. ಏರ್‌ಬ್ಯಾಗಿನೊಳಗೆ ಇರುವುದು ಸಿಡಿಯುವ ರಾಸಾಯನಿಕ, ಕಣ್ಣು ಮಿಟುಕಿಸುವುದರೊಳಗೆ ಮುಖಕ್ಕೆ ಬಡಿಯುತ್ತದೆ.

ಹೊಂಡಕ್ಕೆ ಬಿದ್ದಾಗ ‘ಟಕ್’: ತಡ ಮಾಡಬೇಡಿ

ರಸ್ತೆಯ ಹೊಂಡಗಳ ತಾಳಕ್ಕೆ, ಜೊತೆಗೆ ತಿರುಗಿಸುವಾಗಲೂ ‘ಟಕ್’ ಬಂದರೆ, ಸ್ಟೀರಿಂಗ್ ಸಡಿಲ ಅನಿಸಿದರೆ, ಕಾರು ಒಂದು ಬದಿಗೆ ಎಳೆದರೆ, ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ಪಟ್ಟಿಯಲ್ಲಿ ಅತ್ಯಂತ ಅಪಾಯದ ಕಾರಣ ಇದೇ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಬೀಳುತ್ತದೆ, ಟೈ ರಾಡ್ ತುಂಡಾದರೆ ಆ ಬದಿಯ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಹೆದ್ದಾರಿ 66ರಲ್ಲಿ 80ರ ವೇಗದಲ್ಲಿ ಹೀಗಾದರೆ ಮಾಡಲು ಏನೂ ಉಳಿಯುವುದಿಲ್ಲ.

ಮೆಕ್ಯಾನಿಕ್ ಕಾರನ್ನು ಎತ್ತಿ ಭದ್ರ ಮಾಡಿ ಚಕ್ರದ ಎಡಬಲ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಿ ಆಟ ಇದ್ದರೆ ಟೈ ರಾಡಿನ ಮೇಲೆ ಅನುಮಾನ. ಮೇಲೆ ಕೆಳಗೆ ಹಿಡಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಹತ್ತು ನಿಮಿಷದ ಕೆಲಸ. ನೀವೂ ಪಕ್ಕದಲ್ಲಿ ನಿಂತು ನೋಡಬಹುದು, ಒಳ್ಳೆಯ ಮೆಕ್ಯಾನಿಕ್ ಬೇಡ ಎನ್ನುವುದಿಲ್ಲ. ಟೈ ರಾಡ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರ್ ಕೂಡ ಒಂದೇ ಬದಿಯಲ್ಲಿ ಸವೆಯುತ್ತದೆ.

ಗ್ರೀಸ್, ಸ್ಪ್ರೇ, ಡೀಸೆಲ್

“ಗ್ರೀಸ್ ಹೊಡೆಸಿ” ಎಂಬ ಸಲಹೆ ಹುಸಿಯಾಗಿ ಹುಟ್ಟಿದ್ದಲ್ಲ. ಅಂಬಾಸಿಡರ್, ಜೀಪ್ ಕಾಲದ ಕೀಲುಗಳಲ್ಲಿ ಗ್ರೀಸ್ ತುಂಬಲೆಂದೇ ನಿಪ್ಪಲ್ ಇರುತ್ತಿತ್ತು, ತುಂಬಿದರೆ ಶಬ್ದವೂ ನಿಲ್ಲುತ್ತಿತ್ತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಆ ಕೀಲುಗಳು ಮುಚ್ಚಿದ ಡಬ್ಬಿಗಳು, ಹೊರಗೆ ಬಳಿದ ಗ್ರೀಸ್ ಒಳಗೆ ಹೋಗದು, ದೂಳು ಹಿಡಿಯುತ್ತದೆ.

ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕಷ್ಟ. ಒಂದೆರಡು ದಿನ ಶಬ್ದ ನಿಲ್ಲುತ್ತದೆ, ಅಷ್ಟರಲ್ಲಿ ಅದು ಇದ್ದ ಗ್ರೀಸನ್ನೂ ತೊಳೆದಿರುತ್ತದೆ, ಗ್ಯಾರೇಜಿನಲ್ಲಿ ತೋರಿಸಲು ಶಬ್ದವೂ ಇಲ್ಲ. ಸ್ಟೀರಿಂಗ್ ಚಕ್ರದ ಸಂದಿಗೆ ಅದನ್ನು ಹೊಡೆಯಲೇಬಾರದು, ಒಳಗೆ ಇರುವುದು ವಿದ್ಯುತ್ ಸಂಪರ್ಕ. ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಡೀಸೆಲ್ ಅಥವಾ ಹಳೆ ಎಂಜಿನ್ ಆಯಿಲ್ ಸಿಂಪಡಿಸುವುದರಿಂದ ತಗಡಿಗೆ ಸ್ವಲ್ಪ ಒಳ್ಳೆಯದಾಗಬಹುದು, ಆದರೆ ಅಲ್ಲೇ ಇರುವ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ. ತುಕ್ಕಿಗೆ ಬೇಕಾದದ್ದು ಚೆನ್ನಾಗಿ ತೊಳೆದ ನೀರು ಮತ್ತು ಒಣಗಲು ಬಿಸಿಲು.

ವಾಪಸ್ ಕರೆದ ಕಾರು ನಿಮ್ಮದೇ?

ಕೆಲವೊಮ್ಮೆ ತಪ್ಪು ನಿಮ್ಮ ರಸ್ತೆಯದ್ದೂ ಅಲ್ಲ, ಮಳೆಯದ್ದೂ ಅಲ್ಲ. 2023ರ ಜುಲೈನಲ್ಲಿ ಮಾರುತಿ ಸುಜುಕಿ 87,599 ಎಸ್-ಪ್ರೆಸ್ಸೊ ಮತ್ತು ಈಕೋ ಗಾಡಿಗಳನ್ನು ವಾಪಸ್ ಕರೆಯಿತು. ಕಾರಣ ಸ್ಟೀರಿಂಗ್ ಟೈ ರಾಡಿನ ಒಂದು ಭಾಗ ಮುರಿಯಬಹುದೆಂಬ ಅನುಮಾನ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ನಂತರ ಸರ್ಕಾರವೂ ಇಂಥ ಆದೇಶ ಕೊಡಬಹುದು. ಹೀಗೆ ಕರೆದ ದೋಷದ ದುರಸ್ತಿಗೆ ಮಾಲೀಕರು ದುಡ್ಡು ಕೊಡಬೇಕಾಗಿಲ್ಲ.

ತೊಡಕು ಎಂದರೆ ಕಂಪನಿಯ ಸಂದೇಶ ಹೋಗುವುದು ಅವರ ದಾಖಲೆಯಲ್ಲಿರುವ ಹೆಸರು, ಫೋನ್ ನಂಬರಿಗೆ. ಮುಂಬಯಿಯಿಂದಲೋ ಮಂಗಳೂರಿನಿಂದಲೋ ಸೆಕೆಂಡ್ ಹ್ಯಾಂಡ್ ತಂದವರಿಗೆ ಅದು ತಲುಪದೆ ಹೋಗಬಹುದು. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಅಥವಾ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಕೇಳಿದರೆ ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಹೋಗುವಾಗ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ನಿಂತಾಗಲೋ ಓಡುವಾಗಲೋ, ಎಡಕ್ಕೋ ಬಲಕ್ಕೋ, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚುತ್ತದೆಯೋ, ಹೊಂಡದಲ್ಲಿ ಬರುತ್ತದೆಯೋ, ಯಾವ ದೀಪ ಉರಿಯುತ್ತಿದೆ. ಗ್ಯಾರೇಜಿಗೆ ಹೋದ ಕೂಡಲೇ ಕಾರಿನ ಶಬ್ದ ನಿಂತುಹೋಗುವುದು ಎಲ್ಲರ ಅನುಭವ. ಆಗ ಆ ಚೀಟಿ ಕೆಲಸಕ್ಕೆ ಬರುತ್ತದೆ.